ಕಲ್ಲಿನಲ್ಲಿ ಸುತ್ತಿ ಕುಳಿತ ಹಾವು



ಕಾವಿಗೆ ಕೂತ ಕೋಳಿಯ ಬುಟ್ಟಿಯತ್ತ ಹಾವು ಹರಿದು ಬಂದರೆ, ಅದು ಏಕೆ ಬಂತೆಂದು ಹಳ್ಳಿಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸುಮಾರು 6 ಕೋಟಿ 70 ಲಕ್ಷ ವರ್ಷಗಳ ಹಿಂದೆ ಡೈನೋಸಾರ್ ಗೂಡಿಗೆ ಹಾವೊಂದು ಬಂದಿತ್ತು ಎಂದರೆ ನಂಬುವುದು ಹೇಗೆ? ಕಂಡವರಿಲ್ಲ. ಸಾಕ್ಷಿ ನುಡಿಯಬೇಕಾದುದು ಕಲ್ಲು ಮಾತ್ರ.

ಆ ಕಲ್ಲು ಸಿಕ್ಕಿದ್ದು 1980ರ ದಶಕದಲ್ಲಿ, ಗುಜರಾತಿನ ಧೋಲಿ ಡುಂಗ್ರಿ ಎಂಬ ಹಳ್ಳಿಯ ಬಳಿ. ಅದನ್ನು ಪತ್ತೆಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಧನಂಜಯ ಮೊಹಬೆ. ಕಲ್ಲಿನಲ್ಲಿ ಡೈನೋಸಾರ್ ಮೊಟ್ಟೆಗಳಿದ್ದವು, ಪಕ್ಕದಲ್ಲಿ ಸಣ್ಣ ಮೂಳೆಗಳಿದ್ದವು. ಮೊಟ್ಟೆಯ ಪಕ್ಕದ ಮೂಳೆ ಮರಿಯದ್ದೇ ಇರಬೇಕಲ್ಲವೆ? 1987ರಲ್ಲಿ ಅವರು ಹಾಗೆಯೇ ಬರೆದರು.

2001ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ನೋಡಿದರು. ಅವರ ಕಣ್ಣು ನೆಟ್ಟಿದ್ದು ಬೆನ್ನುಮೂಳೆಯ ಮಣಿಗಳ ಮೇಲೆ. ಹಾವಿನ ಮಣಿಗಳು ಒಂದಕ್ಕೊಂದು ವಿಶಿಷ್ಟವಾದ ಹೆಚ್ಚುವರಿ ಕೀಲುಗಳಿಂದ ಸಿಕ್ಕಿಕೊಂಡಿರುತ್ತವೆ. ಆ ಗುರುತು ಇಲ್ಲಿತ್ತು. ಮೂಳೆಗಳೆಲ್ಲ ಮರಿಯದ್ದಲ್ಲ, ಅಲ್ಲೊಂದು ಹಾವೂ ಇತ್ತು!

ಸರ್ಕಾರದ ಅನುಮತಿ ಪಡೆದು ಕಲ್ಲನ್ನು ಮಿಷಿಗನ್‌ಗೆ ಒಯ್ಯಲಾಯಿತು. ಮೂಳೆಗೆ ಪೆಟ್ಟಾಗದಂತೆ ಸುತ್ತಲಿನ ಕಲ್ಲನ್ನು ಕಣಕಣವಾಗಿ ಬಿಡಿಸುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಕಂಡದ್ದು ಇಷ್ಟು: ಮೂರು ಮೊಟ್ಟೆಗಳು, ಅದರಲ್ಲೊಂದು ಒಡೆದದ್ದು. ಒಡೆದ ಮೊಟ್ಟೆಯನ್ನು ಸುತ್ತಿಕೊಂಡ 3.5 ಮೀಟರ್ ಉದ್ದದ ಹಾವು. ಸುರುಳಿಯ ಮೇಲೆ ಅದರ ತಲೆ. ಪಕ್ಕದಲ್ಲಿ ಸುಮಾರು ಅರ್ಧ ಮೀಟರ್ ಉದ್ದದ ಮರಿ.

ಇವೆಲ್ಲ ನೀರಿನಲ್ಲಿ ತೇಲಿಬಂದು ಒಂದೆಡೆ ಸೇರಿರಬಾರದೇಕೆ? ಪಳೆಯುಳಿಕೆ ತಜ್ಞರು ಮೊದಲು ಕೇಳಿಕೊಳ್ಳುವ ಪ್ರಶ್ನೆಯೇ ಇದು. ತೇಲಿಬಂದಿದ್ದರೆ ಮೂಳೆಗಳು ಚೆಲ್ಲಾಪಿಲ್ಲಿಯಾಗಿರುತ್ತಿದ್ದವು. ಇಲ್ಲಿ ಹಾವಿನ ಸುರುಳಿ ಕದಡಿಲ್ಲ. ಮಳೆಗಾಳಿಗೆ ಜಾರಿಬಂದ ಮರಳು ಮಣ್ಣು ಎಲ್ಲವನ್ನೂ ಒಮ್ಮೆಗೇ ಮುಚ್ಚಿರಬೇಕು. ಅದೇ ಜಾಗದ ಬೇರೆ ಗೂಡುಗಳ ಬಳಿಯೂ ಇಂಥ ಹಾವಿನ ಮೂಳೆ ದೊರೆತಿರುವುದರಿಂದ ಇದು ಕಾಕತಾಳೀಯವಲ್ಲ.

ಇನ್ನು ಹಾವಿನ ಆಹಾರ ಯಾವುದು? ಇದಕ್ಕೆ ಉತ್ತರ ದವಡೆಯಲ್ಲಿದೆ. ಇಂದಿನ ಹೆಬ್ಬಾವಿನಂತೆ ಬಾಯಿಯನ್ನು ಅಗಲವಾಗಿ ತೆರೆಯಲು ಈ ಹಾವಿಗೆ ಆಗುತ್ತಿರಲಿಲ್ಲ. ಇಡೀ ಮೊಟ್ಟೆ ಅದರ ಬಾಯಿಗೆ ದೊಡ್ಡದು. ಆಗತಾನೆ ಹೊರಬಂದ ಮರಿ ಹಿಡಿಸುವಂಥದು. ಆದರೂ ಮರಿಯನ್ನು ನುಂಗುತ್ತಿರುವ ದೃಶ್ಯ ಕಲ್ಲಿನಲ್ಲಿಲ್ಲ. ಅದು ತರ್ಕದಿಂದ ಕಂಡುಕೊಂಡದ್ದು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ಗೆರೆಯನ್ನು ವಿಜ್ಞಾನಿ ಅಳಿಸುವಂತಿಲ್ಲ.

ವಯಸ್ಸಿನ ಲೆಕ್ಕವೂ ಹೀಗೆಯೇ. ಈ ಪದರದ ಮೇಲೆ ದಖ್ಖನ್ನಿನ ಲಾವಾ ಶಿಲೆ ಹಾಸಿದೆ. ವಿಜಾಪುರದ ಗೋಳಗುಮ್ಮಟಕ್ಕೆ ಬಳಸಿದ ಕಪ್ಪು ಕಲ್ಲೂ ಇದೇ ಜಾತಿಯದು. ಲಾವಾದಲ್ಲಿನ ಒಂದು ಬಗೆಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಆಗಿ ಬದಲಾಗುತ್ತದೆ. ಅದನ್ನಳೆದರೆ ಲಾವಾ ಸುಮಾರು 6 ಕೋಟಿ 60 ಲಕ್ಷ ವರ್ಷ ಹಳೆಯದೆಂದು ತಿಳಿಯುತ್ತದೆ. ಕೆಳಗಿನ ಪದರ ಅದಕ್ಕಿಂತ ಹಿಂದಿನದು.

2010ರಲ್ಲಿ ಈ ಹಾವಿಗೆ 'ಸನಾಜೆ ಇಂಡಿಕಸ್' ಎಂದು ಹೆಸರಿಟ್ಟು ಪ್ರಕಟಿಸಿದವರ ಸಾಲಿನಲ್ಲಿ ವಿಲ್ಸನ್ ಜೊತೆ ಮೊಹಬೆಯವರ ಹೆಸರೂ ಇದೆ. ಇಪ್ಪತ್ಮೂರು ವರ್ಷಗಳ ಹಿಂದಿನ ತಮ್ಮ ಓದನ್ನು ತಾವೇ ತಿದ್ದಲು ಅವರು ಹಿಂಜರಿಯಲಿಲ್ಲ. ತಿದ್ದಲು ಸಾಧ್ಯವಾದದ್ದು ಆ ಕಲ್ಲು ಜೋಪಾನವಾಗಿ ಉಳಿದಿದ್ದರಿಂದ. ಅದು ಯಾರದೋ ಮನೆಯ ಷೋಕೇಸ್ ಸೇರಿದ್ದರೆ, ಜಲ್ಲಿಯಾಗಿ ರಸ್ತೆಗೆ ಬಿದ್ದಿದ್ದರೆ, ಹಾವು ಇಂದಿಗೂ ಡೈನೋಸಾರ್ ಮರಿಯಾಗಿಯೇ ಉಳಿಯುತ್ತಿತ್ತು. ಕಲ್ಲನ್ನು ಕಾಯ್ದಿಡುವುದೆಂದರೆ, ಮುಂದೆ ಬರುವವರಿಗೆ ನಮ್ಮ ತಪ್ಪು ತಿದ್ದುವ ಅವಕಾಶವನ್ನು ಕಾಯ್ದಿಡುವುದು.