ಮುದುಕಿಯ ಕೋಳಿಯೂ ನಾಲ್ವರು ವಿದ್ಯಾರ್ಥಿಗಳೂ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಸಮಾರಂಭದಲ್ಲಿ ಸಿನಿಮಾ ಮಾತು ಯಾಕಪ್ಪಾ ಎಂದು ಕೆಲವರಿಗೆ ಅನ್ನಿಸಿರಬಹುದು. ಈ ಸಂಘಕ್ಕೆ ಹಾಲು ಹಾಕಿ, ಬಂದ ಬಟವಾಡೆಯಲ್ಲಿ ಕಾಲೇಜಿನ ಫೀಜು ಕಟ್ಟಿದ ಮನೆಗಳ ಮಕ್ಕಳು ನಾವು. ಕಿರುಚಿತ್ರ ಮಾಡಿದ ವಿದ್ಯಾರ್ಥಿಗಳಿಂದ ಕಲಿಯುವುದೇನು ಎಂಬ ವಿಷಯವನ್ನು ಅಧ್ಯಕ್ಷರೇ ನಮಗೆ ಕೊಟ್ಟರು. ಹುಡುಕುತ್ತಾ ಹೋದಂತೆ ಅದು ಸಹಕಾರದ ವಿಷಯವೇ ಎಂದು ನಮಗೆ ತಿಳಿಯಿತು.

2024ರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ, ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ವಿಭಾಗದಲ್ಲಿ, ಕನ್ನಡದ ಒಂದು ಕಿರುಚಿತ್ರಕ್ಕೆ ಮೊದಲನೇ ಬಹುಮಾನ ಬಂತು. ಹೆಸರು ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’. ಪ್ರಪಂಚದ 555 ಚಿತ್ರಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ 18 ಮಾತ್ರ ಆಯ್ಕೆಯಾಗಿದ್ದವು. ಬಹುಮಾನದ ಹಣ 15,000 ಯೂರೋ. ಚಿತ್ರದ ಅವಧಿ ಬರೀ 16 ನಿಮಿಷ. ನಿರ್ದೇಶಕರು ಮೈಸೂರಿನ ಚಿದಾನಂದ ಎಸ್. ನಾಯ್ಕ್. ಎಂ.ಬಿ.ಬಿ.ಎಸ್. ಓದಿದವರು, ಆಮೇಲೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದವರು.

ಮೊದಲನೇ ಪಾಠ ಕಥೆಯದು. ಅವರು ಕಥೆ ಹುಡುಕಿಕೊಂಡು ದೂರ ಹೋಗಲಿಲ್ಲ. ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದ ನಮ್ಮ ಸೀಮೆಯ ಜನಪದ ಕಥೆಯನ್ನೇ ಎತ್ತಿಕೊಂಡರು. ಒಬ್ಬ ಮುದುಕಿ ಊರಿನ ಹುಂಜವನ್ನು ಕದ್ದುಬಿಡುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತೆ ಅಂತಿದ್ದ ಮುದುಕಿಯ ಕಥೆ ನಮಗೆಲ್ಲ ಗೊತ್ತು. ಅವಳು ಕೋಳಿ ಎತ್ತಿಕೊಂಡು ಊರು ಬಿಟ್ಟರೂ ಸೂರ್ಯ ಹುಟ್ಟಿಯೇ ಹುಟ್ಟುತ್ತಾನೆ, ನಾವು ನಗುತ್ತೇವೆ. ಆದರೆ ಈ ಚಿತ್ರದಲ್ಲಿ ಕೋಳಿ ಹೋದ ಮೇಲೆ ನಿಜವಾಗಿಯೂ ಕತ್ತಲೆ. ಎಲ್ಲರೂ ನಗುವ ಮುದುಕಿಯ ಮಾತೇ ನಿಜವಾಗಿದ್ದರೆ ಏನು ಗತಿ? ಈ ಒಂದು ಪ್ರಶ್ನೆಯೇ ಹಳೇ ಕಥೆಯನ್ನು ಹೊಸದು ಮಾಡಿತೆಂದು ನಮಗೆ ತೋರುತ್ತದೆ.

ಎರಡನೆಯದು ಇದ್ದುದರಲ್ಲಿ ಮಾಡುವ ಪಾಠ. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ, ಅದೂ ರಾತ್ರಿ ಹೊತ್ತಿನ ಕೆಲಸ. ಈ ಚಿತ್ರ ಬೇಡ ಅಂದವರೂ ಇದ್ದರಂತೆ. ರಾತ್ರಿ ಚಿತ್ರೀಕರಣವೆಂದರೆ ಕಾಣುವ ಪ್ರತಿಯೊಂದಕ್ಕೂ ಬೆಳಕನ್ನು ನಾವೇ ಒದಗಿಸಬೇಕು, ಕೋಳಿ ಕೂಗುವುದರೊಳಗೆ ಮುಗಿಸಬೇಕು. ಹಾಗಾಗಿ ದೀಪ ಎಲ್ಲಿ, ಕ್ಯಾಮೆರಾ ಎಲ್ಲಿ, ಯಾರು ಯಾವಾಗ ಬರಬೇಕು ಎಂಬುದೆಲ್ಲ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರಬೇಕು. ಮಳೆ ಬಿದ್ದ ಮೇಲೆ ಬೀಜ ಹುಡುಕುವ ರೈತನಿಗೆ ಹದ ತಪ್ಪುತ್ತದೆ. ನಿಮಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಕೂಡಿ ದುಡಿಯುವ ಪಾಠ. ಒಂದು ವರ್ಷದ ಕೋರ್ಸಿನ ಕೊನೆಯಲ್ಲಿ ನಾಲ್ಕು ವಿಭಾಗದ ನಾಲ್ವರು ವಿದ್ಯಾರ್ಥಿಗಳು ಸೇರಿ ಮಾಡಬೇಕಾದ ಅಭ್ಯಾಸ ಅದು. ನಿರ್ದೇಶನ ಚಿದಾನಂದ ಅವರದು, ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಶಬ್ದ ಅಭಿಷೇಕ್ ಕದಂ. ಶೂಟಿಂಗಿನಲ್ಲಿ ಹಲಗೆ ಹಿಡಿದು ‘ಟಕ್’ ಎನ್ನಿಸುವುದನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅದು ಬರೀ ಶಾಸ್ತ್ರಕ್ಕಲ್ಲ. ಚಿತ್ರ ಹಿಡಿಯುವುದು ಒಂದು ಯಂತ್ರ, ಶಬ್ದ ಹಿಡಿಯುವುದು ಇನ್ನೊಂದು. ಹಲಗೆ ಬಡಿದದ್ದು ಕಾಣುವ ಕ್ಷಣಕ್ಕೂ, ಆ ಸದ್ದು ಕೇಳುವ ಕ್ಷಣಕ್ಕೂ ಆಮೇಲೆ ತಾಳೆ ಹಾಕುತ್ತಾರೆ. ನಿಮ್ಮ ಕೈಯಲ್ಲಿರುವ ಹಾಲಿನ ಪುಸ್ತಕಕ್ಕೂ ಡೇರಿಯ ರಿಜಿಸ್ಟರಿಗೂ ತಾಳೆ ನೋಡಿದ ಹಾಗೆ. ತಾಳೆ ತಪ್ಪಿದರೆ ಬಾಯಿ ಆಡುವುದೇ ಒಂದು, ಮಾತು ಕೇಳುವುದೇ ಇನ್ನೊಂದು!

ಇಂಥದ್ದು ಹಿಂದೆಯೂ ಆಗಿದೆ. ತೀರ್ಥಹಳ್ಳಿ ಸೀಮೆಯ ಗಿರೀಶ್ ಕಾಸರವಳ್ಳಿಯವರು ಫಾರ್ಮಸಿ ಓದಿ ಇದೇ ಪುಣೆಗೆ ಹೋದವರು. ವಿದ್ಯಾರ್ಥಿಯಾಗಿ ಮಾಡಿದ ‘ಅವಶೇಷ್’ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ.

ಈಗ ನಮ್ಮೂರಿನ ಮಾತು. ಅರ್ಧ ಲೀಟರ್ ಹಾಲು ತರುವ ಅಜ್ಜಿ ನಾಳೆ ಬರದಿದ್ದರೆ ಕ್ಯಾನು ತುಂಬದೆ ಇರುತ್ತದೆಯೇ? ತುಂಬುತ್ತದೆ. ಲಾರಿಯೂ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಆದ್ದರಿಂದಲೇ ಅವಳು ಯಾಕೆ ಬರಲಿಲ್ಲ ಎಂದು ಕೇಳುವುದನ್ನು ಮರೆಯುವುದು ಸುಲಭ. ಆದರೆ ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಸಹಕಾರದ ಮೂಲ ನಿಯಮ. ಹತ್ತು ಎಮ್ಮೆಯವರಿಗೂ ಒಂದು, ಒಂದು ಆಕಳಿನವರಿಗೂ ಒಂದು. ಅಂಥ ಹತ್ತು ಅಜ್ಜಿಯರು ಒಬ್ಬೊಬ್ಬರಾಗಿ ಬಿಟ್ಟು ಹೋದರೆ ಹಾಲೇನೋ ಹೋಗುತ್ತಲೇ ಇರುತ್ತದೆ, ಸಂಘ ಮಾತ್ರ ನಾಲ್ಕು ದೊಡ್ಡ ಮನೆಗಳ ವ್ಯಾಪಾರವಾಗುತ್ತದೆ. ಆ ಕತ್ತಲೆ ಕಣ್ಣಿಗೆ ಕಾಣಿಸುವುದಿಲ್ಲ.

ಆದ್ದರಿಂದ ನಮ್ಮ ವಿನಂತಿ ಎರಡು. ಹಾಲು ಹಾಕುವುದನ್ನು ನಿಲ್ಲಿಸಿದ ಸಣ್ಣ ಸದಸ್ಯರ ಮನೆಗೆ ಆಡಳಿತ ಮಂಡಳಿಯವರು ಒಮ್ಮೆ ಹೋಗಿಬರಲಿ. ನಮ್ಮ ಓರಗೆಯವರು ಮೊಬೈಲು ಹಿಡಿದು ಅಜ್ಜಿಯರ ಮುಂದೆ ಕೂತು, ಅವರ ಕಥೆಗಳನ್ನು ಅವರ ಬಾಯಲ್ಲೇ ಹಿಡಿದಿಡಲಿ. ಅವರು ಹೋದ ಮೇಲೆ ಕ್ಯಾಮೆರಾ ಸಿಗುತ್ತದೆ, ಕಥೆ ಸಿಗುವುದಿಲ್ಲ.

ಸಂಘ ಸುವರ್ಣ ಮಹೋತ್ಸವ ಕಾಣಲಿ, ಅಂದಿನ ಸಭೆಯಲ್ಲಿ ಅರ್ಧ ಲೀಟರಿನವರೂ ಮುಂದಿನ ಸಾಲಿನಲ್ಲಿ ಕೂತಿರಲಿ ಎಂದು ಹಾರೈಸುತ್ತೇವೆ.