ಕಲಿತ ಮಗು ಮತ್ತೆ ಚಡ್ಡಿ ಒದ್ದೆ ಮಾಡಿಕೊಂಡರೆ



ನಿಮ್ಮಲ್ಲಿ ಅನೇಕರ ಮನೆಯಲ್ಲಿ ಎರಡು-ಮೂರು ವರ್ಷದ ತಮ್ಮನೋ, ತಂಗಿಯೋ, ಅಕ್ಕನ ಮಗುವೋ ಇರಬಹುದು. ಉಚ್ಚೆ ಬಂದರೆ ಹೇಳುವುದನ್ನು ಆ ಮಗು ಕಲಿತು ಒಂದೆರಡು ತಿಂಗಳಾಗಿರುತ್ತದೆ. ಮನೆಯವರಿಗೆಲ್ಲ ನಿರಾಳ. ಹೀಗಿರುವಾಗ ಒಂದು ದಿನ ನಡುಮನೆಯಲ್ಲೇ ಚಡ್ಡಿ ಒದ್ದೆ. ಮರುದಿನವೂ ಅದೇ. "ಇಷ್ಟು ದೊಡ್ಡವನಾಗಿ ನಾಚಿಕೆಯಾಗಲ್ವೇನೋ?" ಎಂದು ಒಬ್ಬರು ಗದರುತ್ತಾರೆ, ಮತ್ತೊಬ್ಬರು ನಗುತ್ತಾರೆ. ಮಗು ಹಟಕ್ಕೆ ಹೀಗೆ ಮಾಡುತ್ತಿದೆಯೆಂದೇ ಎಲ್ಲರ ತೀರ್ಮಾನ. ಆದರೆ ಬಹುಪಾಲು ಸಂದರ್ಭಗಳಲ್ಲಿ ಇದು ಹಟವಲ್ಲ.

ಎಳೆಗೂಸಿನ ಮೂತ್ರಕೋಶ ತುಂಬಿದೊಡನೆ ತಾನಾಗಿಯೇ ಬರಿದಾಗುತ್ತದೆ. ತುಂಬಿದ್ದನ್ನು ಅರಿತು, ಸ್ವಲ್ಪ ತಡೆದು, ತಕ್ಕ ಜಾಗದಲ್ಲಿ ಬಿಡುವ ಶಕ್ತಿ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷದೊಳಗೆ ಬೆಳೆಯುತ್ತದೆ. ನಮ್ಮ ತಾಯಂದಿರು ಕೂಸನ್ನು ಪಾದಗಳ ಮೇಲೆ ಕೂರಿಸಿ 'ಸ್ಸ್' ಎನ್ನುತ್ತಾರಲ್ಲ, ಅದು ಒಳ್ಳೆಯ ರೂಢಿಯೇ. ಆದರೆ ಅದರಿಂದಲೇ ಮಗುವಿಗೆ ಹತೋಟಿ ಬಂತೆಂದು ತಿಳಿಯಬಾರದು. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ ಅವರು 1962ರಲ್ಲಿ 1170 ಮಕ್ಕಳ ಅನುಭವವನ್ನು ಪ್ರಕಟಿಸಿದರು. ಮಗು ಸಿದ್ಧವಾದ ಮೇಲೆ ಕಲಿಸಿ, ಒಲ್ಲೆನೆಂದರೆ ಕೆಲಕಾಲ ನಿಲ್ಲಿಸಿ ಎಂಬುದು ಅವರ ಸಲಹೆ.

ಹೊಸದಾಗಿ ಕಲಿತದ್ದು ಬೇಗ ಅಲುಗಾಡುತ್ತದೆ. ಮನೆಗೆ ಹೊಸ ಕೂಸು ಬಂದಾಗ, ಮನೆ ಬದಲಿಸಿದಾಗ, ಅಂಗನವಾಡಿಗೆ ಸೇರಿಸಿದಾಗ ಹೀಗಾಗುವುದುಂಟು. ಅಂಥ ದಿನಗಳು ಹತ್ತಿರವಿದ್ದರೆ ಕಲಿಸುವುದನ್ನು ಮುಂದೂಡುವುದೇ ಜಾಣತನ.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ಆದರೆ ಮನೆಯವರ ಕಣ್ಣಿಗೆ ಬೀಳದಿರುವುದು, ಮಲಬದ್ಧತೆ. ಒಮ್ಮೆ ಮಲ ಗಟ್ಟಿಯಾಗಿ ನೋವಾಯಿತೆನ್ನಿ. ಮಗು ಆ ನೋವಿಗೆ ಹೆದರಿ ಮಲವನ್ನು ತಡೆಯುತ್ತದೆ. ಮೂಲೆಯಲ್ಲಿ ಕಾಲು ಹೆಣೆದು, ಮುಖ ಕೆಂಪಗೆ ಮಾಡಿಕೊಂಡು ನಿಲ್ಲುವ ಮಗುವನ್ನು ನೀವು ನೋಡಿರಬಹುದು. ಅದು ಮುಕ್ಕುತ್ತಿಲ್ಲ, ತಡೆಯುತ್ತಿದೆ. ತಡೆದಷ್ಟೂ ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ನೋವು ಹೆಚ್ಚುತ್ತದೆ. ದಿನ ಕಳೆದಂತೆ ಕರುಳಿನ ಕೊನೆಯ ಭಾಗ ಹಿಗ್ಗಿ, ಮಲ ಬಂದದ್ದೇ ಮಗುವಿಗೆ ತಿಳಿಯದಾಗುತ್ತದೆ. ಗಟ್ಟಿ ಮಲದ ಪಕ್ಕದಿಂದ ನೀರುಮಲ ಸೋರಿ ಚಡ್ಡಿಗೆ ಅಂಟುತ್ತದೆ. ಮನೆಯವರು ಅದನ್ನು ಭೇದಿಯೆಂದುಕೊಳ್ಳುತ್ತಾರೆ! ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಉಚ್ಚೆಯೂ ಹತೋಟಿ ತಪ್ಪುತ್ತದೆ. ಇಂಥ ಮಗುವನ್ನು ಹೊಡೆದರೆ ಅದು ಇನ್ನಷ್ಟು ತಡೆಯುತ್ತದೆ, ಅಷ್ಟೇ.

ಆದ್ದರಿಂದ ಮಲ ಮೆತ್ತಗಿರುವಂತೆ ನೋಡಿಕೊಳ್ಳಬೇಕು. ಸಾಕಷ್ಟು ನೀರು, ಸೊಪ್ಪು, ಪರಂಗಿಹಣ್ಣು ಕೊಡಿ. ಹೊಟ್ಟೆ ತುಂಬ ಹಾಲನ್ನೇ ಕುಡಿಸಿದರೆ ಮಗು ಬೇರೇನನ್ನೂ ತಿನ್ನುವುದಿಲ್ಲ. ಊಟವಾದ ಮೇಲೆ ಕರುಳು ಚುರುಕಾಗುತ್ತದೆ. ಆಗ ಐದು ನಿಮಿಷ ಕೂರಿಸಿ. ಕಮೋಡಿನ ಮೇಲೆ ಕಾಲು ನೇತಾಡಿದರೆ ಮುಕ್ಕಲು ಬಲ ಸಿಗದು, ಪಾದದಡಿ ಒಂದು ಮಣೆ ಇಡಿ. ಕಕ್ಕಸಿನ ಗುಂಡಿಯೊಳಗೆ ಬಿದ್ದೇನೆಂದು ಅಂಜುವ ಮಗುವಿನ ಕೈ ಹಿಡಿದುಕೊಳ್ಳಿ. ಸುಲಭವಾಗಿ ಜಾರುವ ಎಲಾಸ್ಟಿಕ್ ಚಡ್ಡಿ ಹಾಕಿ. ಆಟದಲ್ಲಿ ಮೈಮರೆತ ಮಗುವಿಗೆ, ಬಸ್ಸು ಹತ್ತುವ ಮುಂಚೆ ಒಮ್ಮೆ ನೆನಪಿಸಿದರೆ ಸಾಕು, ಹತ್ತು ನಿಮಿಷಕ್ಕೊಮ್ಮೆ "ಬಂತಾ?" ಎಂದು ಕೇಳುತ್ತಿದ್ದರೆ ದೊಡ್ಡವರಿಗೂ ರೇಗುತ್ತದೆ.

ಇನ್ನು ನಿಮ್ಮ ಪಾಲಿನ ಕೆಲಸ. ಚಡ್ಡಿ ಒದ್ದೆಯಾದರೆ ಮಾತಿಲ್ಲದೆ ಬದಲಾಯಿಸಿ. ನೆಂಟರ ಮುಂದೆ ಅದನ್ನು ತಮಾಷೆಯ ಕಥೆ ಮಾಡಬೇಡಿ. ಮದುವೆಮನೆಯಲ್ಲಿ ಹೀಗೆ ನಗೆಪಾಟಲಾದ ಮಗು ಮುಂದಿನ ಸಲ ಬಾಗಿಲ ಹಿಂದೆ ಅವಿತುಕೊಳ್ಳುತ್ತದೆ.

ಉಚ್ಚೆ ಮಾಡುವಾಗ ಉರಿ, ಜ್ವರ, ಮಲದಲ್ಲಿ ರಕ್ತ, ವಿಪರೀತ ಬಾಯಾರಿಕೆ, ನಡಿಗೆಯಲ್ಲಿ ಬದಲಾವಣೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ರಾತ್ರಿಯ ವಿಷಯ ಬೇರೆ. ಹಗಲಿನ ಹತೋಟಿ ಬಂದ ಎಷ್ಟೋ ಕಾಲದ ನಂತರ ರಾತ್ರಿಯದು ಬರುತ್ತದೆ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದು ಸಾಮಾನ್ಯ. ಅದಕ್ಕೆ ಚಿಕಿತ್ಸೆ ಬೇಡ, ಹಾಸಿಗೆಯ ಮೇಲೊಂದು ರಬ್ಬರ್ ಶೀಟು ಹಾಸಿದರಾಯಿತು.