ಸಂಧಾನ ಬಾಳುವುದು ಯಾವಾಗ?



ಈ ಜಿನನಾಥಪುರವನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸ್ಥಾಪಿಸಿದನು. ಇಲ್ಲಿನ ಶಾಂತಿನಾಥ ಬಸದಿಯ ಶಿಲ್ಪವೈಭವ ಸರ್ವವಿದಿತ. ಆದರೆ ನಾವಿಂದು ನೆನೆಯಬೇಕಾದುದು ಪಕ್ಕದ ಶ್ರವಣಬೆಳಗೊಳದಲ್ಲಿರುವ 1368ರ ಶಿಲಾಶಾಸನವನ್ನು.

ಆಗ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾಗಿತ್ತು. ಆನೆಗೊಂದಿ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಅರಿಕೆ ಮಾಡಿಕೊಂಡರು. ಅರಸನು ವೈಷ್ಣವ ಆಚಾರ್ಯರನ್ನು ಕರೆಸಿ, ಜೈನರ ಕೈಹಿಡಿದು ಅವರ ಕೈಯಲ್ಲಿಟ್ಟನು. ಪಂಚಮಹಾವಾದ್ಯ ಹಾಗೂ ಕಲಶಗಳ ಹಕ್ಕು ಜೈನರಿಗೂ ಇದೆಯೆಂದು ಸಾರಿದನು. ಅವರಿಗೆ ಒದಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಭಾವಿಸಬೇಕೆಂದು ವಿಧಿಸಿದನು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸುವ, ಮಿಕ್ಕ ಹಣದಿಂದ ಜೀರ್ಣ ಬಸದಿಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನವರಿಗೆ, ಅಂದರೆ ವೈಷ್ಣವ ಮುಖಂಡರಿಗೇ ವಹಿಸಲಾಯಿತು. ತಪ್ಪಿದವನು ರಾಜದ್ರೋಹಿ ಎನಿಸುತ್ತಿದ್ದನು. ಸಂಧಾನಕ್ಕಾಗಿ ಶ್ರಮಿಸಿದ ಬುಸುವಿಸೆಟ್ಟಿಗೆ ಉಭಯ ಸಮಾಜದವರೂ ಕೂಡಿ ಸಂಘನಾಯಕ ಪಟ್ಟ ಕಟ್ಟಿದರು.

ಇದನ್ನು ನಮ್ಮ ಕಾಲದ ಇನ್ನೊಂದು ಸಂಧಾನದೊಡನೆ ಹೋಲಿಸೋಣ. 1982ರಲ್ಲಿ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬೀಜಿಂಗಿಗೆ ತೆರಳಿದ ಬಳಿಕ, ಹಾಂಗ್‌ಕಾಂಗ್‌ನ ಭವಿಷ್ಯದ ಬಗ್ಗೆ ಉಭಯ ದೇಶಗಳ ಅಧಿಕಾರಿಗಳು ಗುಟ್ಟಾಗಿ ಮಾತುಕತೆ ನಡೆಸಿದರು. 1984ರ ಡಿಸೆಂಬರ್ 19ರಂದು ಒಪ್ಪಂದಕ್ಕೆ ಸಹಿ ಬಿತ್ತು. 1997ರ ಜುಲೈ 1ರಂದು ಹಸ್ತಾಂತರವೂ ಶಾಂತವಾಗಿ ನಡೆಯಿತು. ರಕ್ತಪಾತವಿಲ್ಲದೆ ಇದು ಸಾಧ್ಯವಾದುದು ಸಣ್ಣ ಸಂಗತಿಯಲ್ಲ. ಆದರೆ ಆ ಮಾತುಕತೆಯಲ್ಲಿ ಹಾಂಗ್‌ಕಾಂಗ್‌ನ ಜನತೆಗೆ ಸ್ವಂತ ಸ್ಥಾನವಿರಲಿಲ್ಲ. ಅವರ ಜೀವನಕ್ರಮ 50 ವರ್ಷ ಬದಲಾಗದೆಂಬ ಭರವಸೆಯಿತ್ತು. 2017ರಲ್ಲಿ ಚೀನಾದ ವಿದೇಶಾಂಗ ವಕ್ತಾರರು, ಆ ಒಪ್ಪಂದ ಇತಿಹಾಸದ ಕಾಗದವಷ್ಟೇ ಎಂಬರ್ಥದ ಹೇಳಿಕೆಯಿತ್ತರು. 2020ರಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ಬಂತು. ಒಪ್ಪಂದದ ಉಲ್ಲಂಘನೆಯಾಗಿದೆಯೆಂದು ಬ್ರಿಟನ್ ಹೇಳಿತು. ಚೀನಾ ಅದನ್ನು ಒಪ್ಪಲಿಲ್ಲ. ಕೊಟ್ಟ ಮಾತನ್ನು ನಡೆಸಿಕೊಡುವಂತೆ ಕೇಳುವ ಶಕ್ತಿ ಆ ಜನರ ಕೈಯಲ್ಲಿ ಉಳಿದಿರಲಿಲ್ಲ.

ಇದರಲ್ಲಿ ನಮ್ಮ ಪಟ್ಟಣಗಳಿಗೆ ಪಾಠವಿದೆ. ಮೆರವಣಿಗೆಯ ದಾರಿ, ಧ್ವನಿವರ್ಧಕ, ಕಬರಸ್ತಾನದ ಗಡಿ ಇತ್ಯಾದಿ ಸೂಕ್ಷ್ಮ ವಿಷಯಗಳನ್ನು ಬೀದಿಯಲ್ಲಿ ನಿಂತು ಬಗೆಹರಿಸಲಾಗದು. ಬಹಿರಂಗವಾಗಿ ಸವಾಲು ಹಾಕಿದವನಿಗೆ ಹಿಂದೆ ಸರಿಯುವುದು ಅವಮಾನವೆನಿಸುತ್ತದೆ. ಆದ್ದರಿಂದ ಸದ್ದಿಲ್ಲದ ಮಾತುಕತೆ ಬೇಕೇ ಬೇಕು. ಆದರೆ ಅದರ ತೀರ್ಮಾನವೂ ಗುಟ್ಟಾಗಿಯೇ ಉಳಿದರೆ, ಶಾಂತಿ ಸಭೆಯಲ್ಲಿ ಆಡಿದ ಮಾತು ಅಧಿಕಾರಿಯ ವರ್ಗಾವಣೆಯೊಂದಿಗೆ ಊರು ಬಿಡುತ್ತದೆ.

ಆದುದರಿಂದ ನಾವು ಮೂರು ವಿಷಯಗಳನ್ನು ಕೇಳಿ ಪಡೆಯಬೇಕು. ವಿವಾದದಿಂದ ನೇರವಾಗಿ ಬಾಧಿತರಾದವರು ಆ ಸಭೆಯಲ್ಲಿರಬೇಕು. ತೀರ್ಮಾನವು ಬರಹದಲ್ಲಿದ್ದು ಎಲ್ಲರಿಗೂ ತಿಳಿದಿರಬೇಕು. ಅದನ್ನು ಪಾಲಿಸುವ ಹೊಣೆಯನ್ನು ಉಭಯ ಸಮುದಾಯಗಳ ಹಿರಿಯರೂ ಹೊರಬೇಕು. ನಾವು ದುರ್ಬಲರಾಗಿರುವಲ್ಲಿ ಈ ನ್ಯಾಯವನ್ನು ಬಯಸುವಂತೆಯೇ, ನಾವು ಬಲಿಷ್ಠರಾಗಿರುವ ಬೀದಿಯಲ್ಲಿ ಇತರರಿಗೆ ಅದನ್ನು ಒದಗಿಸಲೂ ಸಿದ್ಧರಿರಬೇಕು. ನೆರೆಯವನ ಹಾನಿ ತನ್ನದೇ ಹಾನಿಯೆಂದು ಕಲ್ಲಿನಲ್ಲಿ ಬರೆಯಿಸಿದ ನಾಡು ನಮ್ಮದು. ಅದನ್ನು ಬಾಳಿ ತೋರಿಸುವ ಸರದಿ ಈಗ ನಮ್ಮೆಲ್ಲರದು.